ಅಲಾಸ್ಕಾದಲ್ಲಿ ತೈಲ ಬಾವಿ ಕೊರೆಯೋದು ತಡೆಯಲು ಯಾವ ಆನ್‌ಲೈನ್ ಅರ್ಜಿಗೆ ಸಹಿ ಹಾಕಲಿ?

ಯಾವುದಕ್ಕೂ ಬೇಡ. 2019ರ ಶುರುವಿನಲ್ಲಿ ಸಿಯಾಟಲ್‌ನಲ್ಲಿ ಕೆಲಸಕ್ಕಿದ್ದಾಗ ನನಗೂ ಇದೇ ಹುಮ್ಮಸ್ಸಿತ್ತು. ಅಲಾಸ್ಕಾದ ಆರ್ಕ್ಟಿಕ್ ವನ್ಯಜೀವಿ ಧಾಮದ ಕರಾವಳಿ ಬಯಲು ಸುಮಾರು 15 ಲಕ್ಷ ಎಕರೆ. ಅದನ್ನು ತೈಲಕ್ಕೆ ಗುತ್ತಿಗೆ ಕೊಡಲು 2017ರಲ್ಲೇ ಕಾನೂನಾಗಿತ್ತು. ಅದರ ಬಗ್ಗೆ ಸರ್ಕಾರದ ಪರಿಸರ ವರದಿಯ ಕರಡು ಪ್ರತಿ ಬಂದಾಗ ಜನ ಅಭಿಪ್ರಾಯ ಬರೆಯಬಹುದಿತ್ತು. ನಾನೊಂದು ಪತ್ರ ಬರೆದು ವಾಟ್ಸಾಪ್ ಗ್ರೂಪಿಗೆ ಹಾಕಿದೆ, "ಹೆಸರು ಬದಲಿಸಿ ಕಳಿಸಿ, ಅಷ್ಟೇ" ಅಂತ. ಎಲ್ಲರೂ ಕಳಿಸಿದರು.

ಎಡವಿದ್ದು ಅಲ್ಲೇ. ಅದು ವೋಟಲ್ಲ. ಒಂದೇ ಒಕ್ಕಣೆಯ ಪತ್ರ ಎಷ್ಟೇ ಬಂದರೂ ಅಧಿಕಾರಿಗಳು ಒಟ್ಟು ಸೇರಿಸಿ ಒಂದೇ ಅಭಿಪ್ರಾಯ ಅಂತ ನೋಡುತ್ತಾರೆ. ವರದಿಯ ಇಂಥ ಮಾತು ತಪ್ಪು, ಇಂಥ ವಿಷಯ ಬಿಟ್ಟುಹೋಗಿದೆ ಎಂದು ತೋರಿಸಿದರೆ ಮಾತ್ರ ಅವರು ಆಗ ಉತ್ತರ ಕೊಡಲೇಬೇಕಿತ್ತು. ಮುಂದೆ ಕೋರ್ಟಿನಲ್ಲೂ ಕೆಲಸಕ್ಕೆ ಬರುವುದು ಅಂಥ ಪತ್ರವೇ. ನನ್ನದರಲ್ಲಿ ಇದ್ದದ್ದು ಸುಮ್ನೆ "ಹಿಮಕರಡಿಗಳನ್ನು ಉಳಿಸಿ". ಗ್ರೂಪಿನಲ್ಲಿ ಭೂವಿಜ್ಞಾನ ಓದಿದ ಗೆಳತಿಯೊಬ್ಬಳಿದ್ದಳು. 1984-85ರ ತೈಲ ಸರ್ವೆಯ ಗಾಡಿಗಳ ಜಾಡು ಆ ಟಂಡ್ರಾದಲ್ಲಿ ದಶಕಗಳ ನಂತರವೂ ಅಳಿಸಿರಲಿಲ್ಲ. ಹೆಣ್ಣು ಕರಡಿ ಹಿಮದೊಳಗೆ ಗೂಡು ತೋಡಿ ಮರಿ ಹಾಕುವುದು ಚಳಿಗಾಲದಲ್ಲಿ, ನೆಲ ಹೆಪ್ಪುಗಟ್ಟಿದೆ ಅಂತ ಸರ್ವೆ ಗಾಡಿ ಓಡಾಡುವುದೂ ಆಗಲೇ. ಇದನ್ನೆಲ್ಲ ಅವಳು ನನಗಿಂತ ಎಷ್ಟೋ ಚೆನ್ನಾಗಿ ಬರೆಯುತ್ತಿದ್ದಳು. ಅವಳ ಕೈಯಲ್ಲೂ ನನ್ನ ನಕಲನ್ನೇ ಕಳಿಸಿಸಿದೆ! ಇದು ಗೊತ್ತಾಗುವ ಹೊತ್ತಿಗೆ ಗಡುವು ಮುಗಿದಿತ್ತು.

ಸಹಿಗಿಂತ ದುಡ್ಡಿನ ದಾರಿ ಹಿಡಿಯಿರಿ. ಪೋರ್ಕ್ಯುಪೈನ್ ಎಂಬ ಹೆಸರಿನ ಕ್ಯಾರಿಬೂ (ಹಿಮನಾಡಿನ ಜಿಂಕೆ) ಹಿಂಡು ಕರು ಹಾಕುವುದು ಆ ಬಯಲಲ್ಲಿ. ಆ ಹಿಂಡನ್ನೇ ನಂಬಿ ಬದುಕುವ ಮೂಲನಿವಾಸಿ ಗ್ವಿಚಿನ್ ಜನ ನೇರ ಬ್ಯಾಂಕುಗಳ ಬಾಗಿಲು ತಟ್ಟಿದರು. 2020 ಮುಗಿಯುವಷ್ಟರಲ್ಲಿ ಅಮೆರಿಕದ ಆರೂ ದೊಡ್ಡ ಬ್ಯಾಂಕುಗಳು ಆರ್ಕ್ಟಿಕ್ ತೈಲ ಯೋಜನೆಗಳಿಗೆ ಸಾಲ ಇಲ್ಲ ಅಂದವು. 2021ರ ಜನವರಿಯ ಗುತ್ತಿಗೆ ಹರಾಜಿಗೆ ದೊಡ್ಡ ತೈಲ ಕಂಪನಿ ಒಂದೂ ಬರಲಿಲ್ಲ. 2025ರ ಜನವರಿಯಲ್ಲಂತೂ ಒಂದು ಬಿಡ್ಡೂ ಇಲ್ಲ. ಬ್ಯಾಂಕೊಂದೇ ಕಾರಣ ಅನ್ನಲ್ಲ, ರಸ್ತೆ ಪೈಪ್‌ಲೈನ್ ಇಲ್ಲದ ಜಾಗದಲ್ಲಿ ಖರ್ಚೂ ಜಾಸ್ತಿ. ಆದರೆ 2025ರ ಹೊಸ ಕಾನೂನು ಇನ್ನೂ ನಾಲ್ಕು ಹರಾಜು ಮಾಡಲೇಬೇಕು ಅಂದಿದೆ. ನಿಮ್ಮ ಉಳಿತಾಯ ಖಾತೆ, ಫಂಡು ಇರುವ ಬ್ಯಾಂಕಿಗೆ ಮೊದಲು ಬರೆಯಿರಿ.

"ಮೂಲನಿವಾಸಿಗಳೆಲ್ಲ ವಿರೋಧಿಸುತ್ತಾರೆ" ಅಂತ ಮಾತ್ರ ಬರೆಯಬೇಡಿ. ಅಲ್ಲೇ ಇರುವ ಕಾಕ್ಟೊವಿಕ್ ಹಳ್ಳಿಯ ಇನ್ಯುಪಿಯಾಟ್ ಮೂಲನಿವಾಸಿಗಳಲ್ಲಿ ಬಹಳ ಮಂದಿಗೆ ತೈಲ ಬೇಕು. ಆ ಕಡೆಯ ಶಾಲೆ, ಕ್ಲಿನಿಕ್ ನಡೆಯುವುದು ಹೆಚ್ಚಾಗಿ ತೈಲದ ತೆರಿಗೆಯಿಂದಲೇ.