ಪರಿಚಯದ ಕಕ್ಷಿದಾರರು ನಿಯಮ ಮೀರಿ ಸೀಲು ಹಾಕಿ ಎಂದು ಒತ್ತಾಯಿಸಿದರೆ ನೋಟರಿ ಏನು ಮಾಡಬೇಕು?

ಹಾಕಬೇಡಿ. ಎಷ್ಟೇ ಬೇಕಾದವರಾದರೂ ಹಾಕಬೇಡಿ.

ಒತ್ತಡ ಬೆದರಿಕೆಯಾಗಿ ಬರುವುದಕ್ಕಿಂತ ನಯವಾಗಿ ಬರುವುದೇ ಜಾಸ್ತಿ. ಮೇಜಿನ ಮೇಲೆ ಪತ್ರ ಇಡುತ್ತಾರೆ. ಸಹಿಯ ಇಂಕು ಆಗಲೇ ಒಣಗಿರುತ್ತದೆ. ಫೋನಿನಲ್ಲಿ ಹೆಂಡತಿಯ ಗುರುತಿನ ಚೀಟಿಯ ಫೋಟೊ ತೋರಿಸಿ, "ಅವಳಿಗೆ ಬರೋಕಾಗಲ್ಲ, ಸುಮ್ನೆ ಒಂದು ಸೀಲು ಹಾಕಿ" ಎನ್ನುತ್ತಾರೆ. ಮೋಸ ಮಾಡುವ ಉದ್ದೇಶ ಅವರಿಗೆ ಇಲ್ಲದೆಯೂ ಇರಬಹುದು. ಆದರೆ ಆಕೆ ಒಪ್ಪಿದ್ದಾರೋ ಇಲ್ಲವೋ ನಿಮಗೆ ಗೊತ್ತಾಗುವುದು ಹೇಗೆ? ಸಹಿ ಮಾಡಿದವರು ಹಾಜರಿದ್ದರು, ಗುರುತು ನೋಡಿದೆ, ಸ್ವಂತ ಇಷ್ಟದಿಂದ ಒಪ್ಪಿದರು ಎಂದು ನೀವು ಬರೆದುಕೊಡುತ್ತೀರಿ ಅಲ್ವಾ? ಅದು ಸುಳ್ಳಾದರೆ ಯಾರದೋ ಮನೆ, ಜಮೀನು ಕೈತಪ್ಪಬಹುದು. ಕೋರ್ಟಿನಲ್ಲಿ ಉತ್ತರ ಕೊಡಬೇಕಾದವರೂ ನೀವೇ. ಹಿಂದಿನ ತಾರೀಕು ಹಾಕುವುದು, ಖಾಲಿ ಜಾಗ ಬಿಟ್ಟ ಪತ್ರಕ್ಕೆ ಸೀಲು ಒತ್ತುವುದು ಕೂಡ ಇದೇ ಸಾಲಿನವು.

ಬೇಡ ಎನ್ನುವಾಗ ಉದ್ದದ ವಿವರಣೆ ಕೊಡಬೇಡಿ, ವಾದ ಬೆಳೆಯುತ್ತದೆ. "ಅವರನ್ನು ಕರೆದುಕೊಂಡು ಬನ್ನಿ, ತಕ್ಷಣ ಮಾಡಿಕೊಡುತ್ತೇನೆ" ಎಂದರೆ ಸಾಕು. ಕಾಯಿಲೆಯವರಾದರೆ, ನಿಮ್ಮ ಕಾನೂನಿನಲ್ಲಿ ಅವಕಾಶವಿದ್ದರೆ, ಅವರಿದ್ದಲ್ಲಿಗೇ ಹೋಗಿ. ಕೆಲವು ಕಡೆ ವಿಡಿಯೊ ಮೂಲಕ ಹಾಜರಾಗಲೂ ಬಿಡುತ್ತಾರೆ.

ಒತ್ತಾಯ ಹಾಕಿದವರು ನಿಮ್ಮ ಬಾಸ್ ಆಗಿದ್ದರೆ ಕಷ್ಟ ಜಾಸ್ತಿ, ಒಪ್ಪುತ್ತೇನೆ. ಆಗ ಲಿಖಿತವಾಗಿ ಕೊಡಿ ಎಂದು ಕೇಳಿ. ಎಷ್ಟೋ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ. ಯಾರು, ಯಾವ ದಿನ, ಏನು ಕೇಳಿದರು, ಏಕೆ ನಿರಾಕರಿಸಿದಿರಿ ಎಂಬುದನ್ನೂ ಅವತ್ತೇ ಬರೆದಿಟ್ಟುಕೊಳ್ಳಿ.