ಕಾಸರಗೋಡಿನ ಸುರೇಂದ್ರನ್ ಪಟೇಲ್ ಟೆಕ್ಸಾಸ್‌ನಲ್ಲಿ ಜಿಲ್ಲಾ ನ್ಯಾಯಾಧೀಶರಾದದ್ದು ಹೇಗೆ?

ನೇಮಕದಿಂದಲ್ಲ, ಮತದಾನದಿಂದ. ಟೆಕ್ಸಾಸ್‌ನಲ್ಲಿ ಜಿಲ್ಲಾ ವಿಚಾರಣಾ ನ್ಯಾಯಾಲಯದ ನ್ಯಾಯಾಧೀಶರು ಪಕ್ಷದ ಅಭ್ಯರ್ಥಿಗಳಾಗಿಯೇ ಸ್ಪರ್ಧಿಸಿ, ನಾಲ್ಕು ವರ್ಷಗಳ ಅವಧಿಗೆ ಜನರಿಂದ ಆಯ್ಕೆಯಾಗುತ್ತಾರೆ. ನಾಳೆ ಯಾರ ವ್ಯಾಜ್ಯ ಕೇಳಬೇಕೋ ಅವರ ಬಳಿಯೇ ಇಂದು ಮತ ಯಾಚಿಸುವ ಈ ಪದ್ಧತಿ ನಮಗೆ ವಿಚಿತ್ರವೆನಿಸುವುದು ಸಹಜ. ಬಡತನದಿಂದ ಶಾಲೆ ಬಿಟ್ಟು ಬೀಡಿ ಕಟ್ಟುತ್ತಿದ್ದ ಪಟೇಲ್, ಮತ್ತೆ ಓದಿಗೆ ಮರಳಿ, ಹೋಟೆಲಿನಲ್ಲಿ ದುಡಿಯುತ್ತಲೇ ಕೋಳಿಕ್ಕೋಡಿನ ಸರ್ಕಾರಿ ಕಾನೂನು ಕಾಲೇಜಿನಿಂದ 1995ರಲ್ಲಿ ಪದವಿ ಪಡೆದು, ಕೇರಳದಲ್ಲೂ ದೆಹಲಿಯಲ್ಲೂ ವಕೀಲಿ ನಡೆಸಿದರು. 2007ರಲ್ಲಿ ಅಮೆರಿಕಕ್ಕೆ ತೆರಳಿ, ಟೆಕ್ಸಾಸ್‌ನ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾದರು. 2022ರಲ್ಲಿ ಫೋರ್ಟ್ ಬೆಂಡ್ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶ) 240ನೇ ಜಿಲ್ಲಾ ನ್ಯಾಯಾಲಯಕ್ಕೆ ಸ್ಪರ್ಧಿಸಿ, ಮೊದಲು ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ ಹಾಲಿ ನ್ಯಾಯಾಧೀಶರನ್ನೇ ಮಣಿಸಿದರು (ನನ್ನ ದೃಷ್ಟಿಯಲ್ಲಿ ಕಠಿಣವಾದ ಹಂತ ಇದೇ). ನವೆಂಬರಿನ ಚುನಾವಣೆಯಲ್ಲೂ ಗೆದ್ದು, 2023ರ ಜನವರಿ 1ರಂದು ಪ್ರಮಾಣವಚನ ಸ್ವೀಕರಿಸಿದರು.