ಪೋರ್ನ್ ಚಟ ಬಿಡುತ್ತಿರುವಾಗ ವ್ಯಾಯಾಮ ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ಇದು: ಸುರತ್ಕಲ್‌ನಲ್ಲಿ ಪಿಜಿ, ಕೆಲಸ ಸಂಜೆ ಆರಕ್ಕೆ ಮುಗಿಯುತ್ತದೆ. ಪೋರ್ನ್ ನೋಡುವುದನ್ನು ಬಿಡಬೇಕೆಂದು ಹೊರಟು ಒಂದು ತಿಂಗಳಾಯಿತು. ರಾತ್ರಿ ಹನ್ನೊಂದಾದ ಮೇಲೆ ತಡೆಯಲು ಆಗುವುದಿಲ್ಲ. ಎಲ್ಲರೂ ಜಿಮ್‌ಗೆ ಹೋಗು ಅನ್ನುತ್ತಾರೆ. ಎರಡು ಸಲ ಸೇರಿದಿರಿ, ಎರಡು ಸಲವೂ ವಾರದೊಳಗೆ ಬಿಟ್ಟಿರಿ. ಈಗ ಎಲ್ಲಿಂದ ಶುರು ಮಾಡಲಿ?

ಜಿಮ್‌ನಿಂದ ಬೇಡ ಮಾರಾಯ್ರೆ. ಫೋನನ್ನು ಒಳಗೆ ಬಿಟ್ಟು, ಚಪ್ಪಲಿ ಮೆಟ್ಟಿ, ಕೋಣೆಯಿಂದ ಹೊರಗೆ ಬನ್ನಿ. ಮೊದಲ ವಾರ ಅಷ್ಟೇ ವ್ಯಾಯಾಮ.

ಈ ಚಟ ನನಗೂ ಇತ್ತು. ನಾನೂ ಮಂಗಳೂರಿನಲ್ಲಿ ಒಂದು ರೂಮಿನಲ್ಲಿ ಒಬ್ಬನೇ ಇದ್ದೆ. ಅಲ್ಲಿಂದ ನನಗೆ ಅರ್ಥವಾದದ್ದು ಏನೆಂದರೆ, ಯಾವ ವ್ಯಾಯಾಮ ಮಾಡುತ್ತೇವೆ ಅನ್ನುವುದಕ್ಕಿಂತ ಎಲ್ಲಿ, ಯಾವ ಹೊತ್ತಿಗೆ ಮಾಡುತ್ತೇವೆ ಅನ್ನುವುದು ಮುಖ್ಯ. ಈ ಚಟ ಬೆಳೆಯುವುದು ಮುಚ್ಚಿದ ಬಾಗಿಲಿನ ಹಿಂದೆ, ಕೈಯಲ್ಲಿ ಫೋನ್ ಇರುವಾಗ. ಅದೇ ಕೋಣೆಯಲ್ಲಿ, ಅದೇ ಫೋನ್ ಎದುರಿಗಿಟ್ಟು, ಯೂಟ್ಯೂಬ್ ನೋಡಿಕೊಂಡು ಬಸ್ಕಿ ಹೊಡೆದರೆ ಬದಲಾದದ್ದು ಎಂತ? ಬೆವರು ಒರೆಸುತ್ತಾ ಒಂದು ಫಿಟ್ನೆಸ್ ರೀಲ್ ನೋಡುತ್ತೀರಿ. ಅದರ ಕೆಳಗೆ ಇನ್ನೊಂದು ಬರುತ್ತದೆ. ಹಾಗೇ ಕೆಳಗೆ ಹೋದರೆ ಎಲ್ಲಿಗೆ ತಲುಪುತ್ತೀರಿ ಅಂತ ನಾನು ಹೇಳಬೇಕಾಗಿಲ್ಲ. ಜಿಮ್‌ನವರ ಅಕೌಂಟ್‌ಗಳನ್ನೆಲ್ಲ ಸದ್ಯಕ್ಕೆ ಅನ್‌ಫಾಲೋ ಮಾಡಿ.

ಇನ್ನೊಂದು ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ವೀರ್ಯ ಉಳಿಸಿದರೆ ಮೈಕಟ್ಟು ಬರುತ್ತದೆ, ಕಳೆದರೆ ಶಕ್ತಿ ಹೋಗುತ್ತದೆ ಅಂತ. ಅದನ್ನು ನಂಬಬೇಡಿ. ಧಾತು ಹೋಗಿ ಸೊರಗಿದೆ ಎಂಬ ಹೆದರಿಕೆಯಿಂದಲೇ ನಮ್ಮ ದೇಶದಲ್ಲಿ ಎಷ್ಟೋ ಜನ ಡಾಕ್ಟರ ಹತ್ತಿರ ಹೋಗುತ್ತಾರೆ. ಈ ಹೆದರಿಕೆಗೆ 1960ರಲ್ಲೇ ಮನೋವೈದ್ಯ ಎನ್.ಎನ್. ವಿಗ್ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟಿದ್ದಾರೆ. ರಾತ್ರಿ ಎರಡರ ತನಕ ಫೋನ್ ನೋಡಿದವನಿಗೆ ಬೆಳಿಗ್ಗೆ ಸುಸ್ತಾಗುವುದಕ್ಕೆ ಬೇರೆ ಕಾರಣ ಹುಡುಕಬೇಕೇ?

ಹಾಗಾದರೆ ವ್ಯಾಯಾಮದಿಂದ ಏನು ಲಾಭ? ಮೊದಲನೆಯದು ನಿದ್ದೆ. ಎರಡನೆಯದು, ಮನಸ್ಸಿನ ಭಾರ ಸ್ವಲ್ಪ ಇಳಿಯುತ್ತದೆ. ಚಟ ಬಿಟ್ಟ ಮೊದಲ ದಿನಗಳಲ್ಲಿ ಸುಮ್ನೆ ಸಿಟ್ಟು, ಬೇಸರ, ಯಾವುದೂ ಬೇಡ ಅನ್ನಿಸುವುದು ಇರುತ್ತದೆ ಅಲ್ವಾ, ಅದಕ್ಕೆ ಇದು ಒಳ್ಳೆಯದು. ಮೂರನೆಯದು, ಆಸೆ ಎದ್ದ ಹೊತ್ತನ್ನು ದಾಟಿಸುತ್ತದೆ. ಆಸೆ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಏರುತ್ತದೆ, ನಾವು ಏನೂ ಮಾಡದಿದ್ದರೆ ಇಳಿಯುತ್ತದೆ. ಸಿಗರೇಟು ಬಿಡುವವರ ಮೇಲೆ ನಡೆದ ಪ್ರಯೋಗಗಳಲ್ಲಿ ಸ್ವಲ್ಪ ಹೊತ್ತು ಬಿರುಸಾಗಿ ನಡೆದರೂ ಸೇದುವ ಆಸೆ ಕಡಿಮೆಯಾದದ್ದು ಕಂಡಿದೆ. ಇಲ್ಲಿಯೂ ಅದೇ ಉಪಾಯ ನನಗೆ ಕೆಲಸ ಮಾಡಿತು.

ಈಗ ನಿಮ್ಮ ದಿನಕ್ಕೆ ಬರೋಣ. ಬೆಳಿಗ್ಗೆ ಐದಕ್ಕೆ ಏಳುವ ಶಪಥ ಬೇಡ. ನಿದ್ದೆ ಸರಿಯಾಗದವನಿಗೆ ಅದು ಎರಡು ದಿನದ ಆಟ. ಕೆಲಸ ಮುಗಿದ ಮೇಲೆ ರೂಮಿಗೆ ಹೋಗಿ ಮಲಗುವ ಮೊದಲೇ, ಅಂದರೆ ಆರು ಆರೂವರೆಗೆ, ನೇರ ನಡೆಯಲು ಹೋಗಿ. ಒಮ್ಮೆ ಹಾಸಿಗೆಗೆ ಬೆನ್ನು ತಾಗಿತೋ, ಆಮೇಲೆ ಏಳುವುದು ಕಷ್ಟ. ಸುರತ್ಕಲ್‌ನಲ್ಲಿ ನಿಮಗೆ ಬೀಚ್ ಉಂಟು, ಲೈಟ್‌ಹೌಸ್ ಉಂಟು, ಸಂಜೆ ನಾಲ್ಕು ಜನರ ಓಡಾಟವೂ ಉಂಟು. ಆ ಜನ ಇರುವುದೇ ಮುಖ್ಯ. ಇಪ್ಪತ್ತು ನಿಮಿಷ ಸಾಕು. ಮಾತಾಡಲು ಆಗಬೇಕು, ಪದ್ಯ ಹೇಳಲು ಆಗಬಾರದು, ಅಷ್ಟು ಬಿರುಸಾಗಿ ನಡೆಯಿರಿ. ಮರಳಿನ ಮೇಲೆ ನಡೆದರೆ ಕಾಲು ಬೇಗ ಸೋಲುತ್ತದೆ, ಮೊದಲು ರಸ್ತೆಯೇ ಇರಲಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಅನ್ನುತ್ತದೆ. ಅಲ್ಲಿಗೆ ನಿಧಾನಕ್ಕೆ ತಲುಪಿದರಾಯಿತು.

ರಾತ್ರಿ ಹನ್ನೊಂದರ ಹೊತ್ತಿಗೆ ಜೋರು ವ್ಯಾಯಾಮ ಬೇಡ, ಇದ್ದ ನಿದ್ದೆಯೂ ಓಡಿಹೋಗುತ್ತದೆ. ಆಸೆ ಎದ್ದರೆ ಫೋನ್ ಬಿಟ್ಟು ಟೆರೇಸಿಗೋ ಜಗಲಿಗೋ ಹೋಗಿ ಹತ್ತು ನಿಮಿಷ ಅತ್ತಿಂದಿತ್ತ ನಡೆಯಿರಿ. ಫೋನನ್ನು ರಾತ್ರಿ ಕೋಣೆಯ ಹೊರಗೆ ಚಾರ್ಜಿಗೆ ಇಡಲು ಸಾಧ್ಯವಾದರೆ ಅರ್ಧ ಕೆಲಸ ಮುಗಿಯಿತು. ಅಲಾರಾಂ ಬೇಕು ಅಂತ ನೆಪ ಬರುತ್ತದೆ. ಒಂದು ಅಲಾರಾಂ ಗಡಿಯಾರ ತಂದಿಡಿ.

ಮಳೆಗಾಲದ ಕಥೆ ಬೇರೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೆ ನಡೆಯುವುದನ್ನೇ ನಂಬಿ ಕುಳಿತರೆ ಆಗದು. ಸಮುದ್ರದ ಹತ್ತಿರವಂತೂ ಆಗ ಸುಳಿಯಬೇಡಿ. ಇಂಥ ದಿನಗಳಿಗೆ ಪಿಜಿಯ ಮೆಟ್ಟಿಲು ಸಾಕು, ಹತ್ತಿ ಇಳಿಯಿರಿ. ಇಲ್ಲವಾದರೆ ಹತ್ತಿರದಲ್ಲಿ ವ್ಯಾಯಾಮಶಾಲೆ ಇದೆಯೇ ವಿಚಾರಿಸಿ. ನಾನು ಹೋಗುತ್ತಿದ್ದ ಕಡೆ ಎದುರಿಗೆ ಹನುಮಂತನ ಫೋಟೋ, ಒಳಗೆ ತುಕ್ಕು ಹಿಡಿದ ಡಂಬೆಲ್ಸ್, ಫೀಸು ಜಿಮ್‌ಗಿಂತ ತುಂಬಾ ಕಡಿಮೆ. ಸೆಲ್ಫಿ ತೆಗೆಯುವವರು ಯಾರೂ ಇಲ್ಲ. ಒಂದು ದಿನ ಹೋಗದಿದ್ದರೆ ಮರುದಿನ “ಎಂತ, ನಿನ್ನೆ ಕಾಣಲಿಲ್ಲ?” ಅಂತ ಕೇಳುವವರು ಇದ್ದರು. ಎಸಿ ಜಿಮ್‌ನಲ್ಲಿ ನನಗೆ ಅದು ಸಿಗಲಿಲ್ಲ. ವಾಲಿಬಾಲ್ ಆಡುವ ಹುಡುಗರು ಹತ್ತಿರದಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಚೆಂಡು ಬರುವಾಗ ಫೋನ್ ಹಿಡಿಯಲು ಆಗುವುದಿಲ್ಲ.

ನೀವು ವಾರದೊಳಗೆ ಜಿಮ್ ಬಿಟ್ಟದ್ದಕ್ಕೆ ಸೋಮಾರಿತನ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಮೊದಲ ದಿನವೇ ಇದ್ದ ಯಂತ್ರವನ್ನೆಲ್ಲ ಎಳೆದಿರುತ್ತೀರಿ. ಅಭ್ಯಾಸ ಇಲ್ಲದ ಮೈಗೆ ನೋವು ಜಾಸ್ತಿಯಾಗುವುದು ಎರಡನೇ, ಮೂರನೇ ದಿನ. ಮೆಟ್ಟಿಲು ಇಳಿಯಲೂ ಆಗದೆ ಬಿಟ್ಟಿರುತ್ತೀರಿ. ಈ ಸಲ ನಡಿಗೆ ಎರಡು ಮೂರು ವಾರ ನಿಂತ ಮೇಲೆ ವಾರಕ್ಕೆ ಎರಡು ದಿನ ಬಸ್ಕಿ, ಗೋಡೆಗೆ ಕೈ ಕೊಟ್ಟು ಪುಶ್‌ಅಪ್ ಸೇರಿಸಿ. ಇನ್ನೂ ನಾಲ್ಕು ಮಾಡಬಹುದು ಅನ್ನಿಸುವಾಗಲೇ ನಿಲ್ಲಿಸಿ.

ಇನ್ನು ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ. ಒಂದು ರಾತ್ರಿ ನೋಡಿಬಿಡುತ್ತೀರಿ. ಮರುದಿನ “ಹೇಗೂ ಹಾಳಾಯಿತು” ಅಂತ ನಡೆಯಲೂ ಹೋಗುವುದಿಲ್ಲ. ಅಥವಾ ಶಿಕ್ಷೆ ಅಂತ ನೂರು ಬಸ್ಕಿ ಹೊಡೆಯುತ್ತೀರಿ. ಎರಡೂ ಬೇಡ. ವ್ಯಾಯಾಮದ ಲೆಕ್ಕವೇ ಬೇರೆ, ಇದರ ಲೆಕ್ಕವೇ ಬೇರೆ. ನೋಡಿದ ಮರುದಿನವೂ ಅದೇ ಆರೂವರೆಗೆ ಅದೇ ಇಪ್ಪತ್ತು ನಿಮಿಷ ನಡೆಯಿರಿ, ಜಾಸ್ತಿಯೂ ಬೇಡ ಕಡಿಮೆಯೂ ಬೇಡ. ವ್ಯಾಯಾಮವನ್ನು ದಂಡ ಮಾಡಿಕೊಂಡವನು ಅದನ್ನು ಪ್ರೀತಿಸುವುದಿಲ್ಲ.

ಊಟದ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪೌಡರ್‌ಗಳಲ್ಲಿ ಕೆಫೀನ್ ಜಾಸ್ತಿ ಇರುತ್ತದೆ, ಸಂಜೆ ಕುಡಿದರೆ ನಿದ್ದೆ ಹಾಳು. ಕುಚ್ಚಲಕ್ಕಿ ಗಂಜಿ, ಮೊಟ್ಟೆ, ಬಂಗುಡೆ ಧಾರಾಳ ಸಾಕು. ಜೂನ್, ಜುಲೈಯಲ್ಲಿ ಮೀನುಗಾರಿಕೆಗೆ ರಜೆ, ಬಂಗುಡೆ ದುಬಾರಿ. ಆಗ ಹೆಸರುಕಾಳು. ನಮ್ಮ ಸೆಕೆಗೆ ಬೆವರು ಧಾರೆಯಾಗಿ ಇಳಿಯುತ್ತದೆ, ನೀರು ಕುಡಿಯುತ್ತಿರಿ.

ವ್ಯಾಯಾಮದಿಂದ ಎಲ್ಲವೂ ಸರಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. ತಿಂಗಳುಗಟ್ಟಲೆ ಹಿಡಿತಕ್ಕೇ ಸಿಗದೆ, ಕೆಲಸ, ಸಂಬಂಧ ಹಾಳಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಹಿಡಿತ ತಪ್ಪಿದ ಲೈಂಗಿಕ ವರ್ತನೆಗೂ ಜಾಗ ಉಂಟು. ಬರೀ ‘ಪಾಪ ಮಾಡಿದೆ’ ಎಂಬ ಸಂಕಟ ಇದ್ದ ಮಾತ್ರಕ್ಕೆ ಅದನ್ನು ಕಾಯಿಲೆ ಎನ್ನುವಂತಿಲ್ಲ ಅಂತಲೂ ಅಲ್ಲಿ ಹೇಳಿದೆ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿ ಕಡೆಯವರಿಗೆ ಬಾಳಿಗಾ ಆಸ್ಪತ್ರೆ ಇದೆ. ಹೋಗಲು ನಾಚಿಕೆಯಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ಸಾಯುವ ಯೋಚನೆ ಬಂದರೆ ಅವತ್ತೇ ಮಾಡಿ.

ಪಿಜಿಯವರು “ಇದ್ದಕ್ಕಿದ್ದಂತೆ ಎಂತ ವಾಕಿಂಗ್?” ಅಂತ ಕೇಳಿದರೆ ಎಲ್ಲ ಬಿಚ್ಚಿ ಹೇಳಬೇಕಾಗಿಲ್ಲ. ಹೊಟ್ಟೆ ಬಂದಿದೆ ಅನ್ನಿ. ಒಬ್ಬರಾದರೂ “ನಾನೂ ಬರುತ್ತೇನೆ” ಅನ್ನುತ್ತಾರೆ, ಕರೆದುಕೊಂಡು ಹೋಗಿ.